ಹದಿನಾರೂ ಕಾಲು

ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಮಂಡಿಯ ಪಕ್ಕಕ್ಕೆ ಒತ್ತಿಕೊಂಡು, ಉಳಿದದ್ದನ್ನು ಚಿಪ್ಪಿನ ಮೇಲಿಂದ ಸುತ್ತಿ ತಂದು, ಎರಡೂ ಸೇರುವ ಕಡೆ ಅವನು ಸ್ವಲ್ಪ ಬಿಗಿಯಾಗಿ ಎಳೆದ. ಊದಿದ ಚರ್ಮ ಟೇಪಿನ ಎರಡೂ ಅಂಚಿಗೆ ಉಬ್ಬಿ ನಿಂತಿತು. ನೋವು ತೊಡೆಯವರೆಗೆ ಹೋಗಿ ಬಂತು. ಉಸಿರು ಹಿಡಿದು ಅಂಕಿ ಓದಿದ: ಹದಿನೈದೂ ಕಾಲು. ಹೆಂಡತಿ ಹೊಲಿಗೆ ಯಂತ್ರದ ಪಕ್ಕದ ಗೋಡೆಯ ಮೇಲೆ, ನಿನ್ನೆಯ ಅಂಕಿಯ ಕೆಳಗೆ, ಪೆನ್ಸಿಲಿನಿಂದ ಬರೆದಳು. ಬರೆಯುವಾಗ ಅವನ ಕಡೆ ತಿರುಗಲಿಲ್ಲ. ಹತ್ತು ದಿನದಿಂದ ಅವಳು ಈ ಕಾಲನ್ನು ನೇರವಾಗಿ ನೋಡಿಲ್ಲ, ಮುಟ್ಟಿಲ್ಲ. ಅದಕ್ಕೆ ಮುಂಚೆ ಅಳೆಯುವುದು ಅವಳದೇ ಕೆಲಸವಾಗಿತ್ತು. ಇಡೀ ಬೀದಿಯವರ ಸೊಂಟ, ತೋಳು, ಕತ್ತಿನ ಸುತ್ತಳತೆ ಬಾಯಿಪಾಠ ಇರುವವಳು, ಗಂಡನ ಮಂಡಿ ಯಾವ ಮಹಾ ಎಂದು ನಗುತ್ತ ಅಳೆಯುತ್ತಿದ್ದಳು. ಈಗ ಟೇಪನ್ನು ಮಂಚದ ಅಂಚಿಗಿಟ್ಟು ದೂರ ಸರಿಯುತ್ತಾಳೆ. ನೀವೇ ಅಳ್ಕೊಳ್ಳಿ, ನನ್ನ ಕೈಗುಣ ಸರಿ ಇಲ್ಲ ಅನ್ನುತ್ತಾಳೆ. ಆ ಮಾತು ಸುಳ್ಳು ಎಂದು ಈ ಮನೆಯಲ್ಲಿ ಗೊತ್ತಿರುವುದು ಅವನೊಬ್ಬನಿಗೆ. ಅವನು ಬಾಯಿ ಬಿಡದೆ ಹತ್ತು ದಿನದಿಂದ ಟೇಪು ಎಳೆಯುತ್ತಿದ್ದಾನೆ.

ಹನ್ನೊಂದು ಗಂಟೆಗೆ ಫಿಸಿಯೋ ಹತ್ತಿರ ಹೋಗಬೇಕಿತ್ತು. ಅದಕ್ಕೂ ಮುಂಚೆ ಇಪ್ಪತ್ತು ನಿಮಿಷ ಐಸು. ಬರಿ ಚರ್ಮಕ್ಕೆ ತಗಲಬಾರದೆಂದು ಟವೆಲಿನಲ್ಲಿ ಸುತ್ತಿದ ಐಸಿನ ಗಂಟು, ಹಿಮ್ಮಡಿಯ ಕೆಳಗೆ ಮೂರು ದಿಂಬು; ಕಾಲು ಎದೆಗಿಂತ ಮೇಲಿರಬೇಕಂತೆ, ಆಗ ನೀರು ಇಳಿಯುತ್ತದಂತೆ. ಇಪ್ಪತ್ತೆರಡು ವರ್ಷ ಊರವರ ಮನೆಗಳಿಗೆ ಟೈಲ್ಸ್ ಹಾಕಿ, ನೆಲ ನೋಡಿಕೊಂಡೇ ಬದುಕಿದವನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ಆರು ವಾರದಿಂದ ಸೂರು ನೋಡುವ ಶಿಕ್ಷೆ. ಸೂರಿನ ಗಾರೆ ಕೆಲಸ ಯಾವನದೋ, ಮಟ್ಟವೇ ಇಲ್ಲ. ಹೆಂಡತಿಯ ಅಣ್ಣ ನೋಡಲು ಬಂದಾಗ ಇದೇ ಮಂಚದ ಕಾಲ್ದೆಸೆಯಲ್ಲಿ ಕೂತು, ಭಾವ ಬಂದರೆ ಮೂರು ದಿನಕ್ಕೆ ಹೊರಡುತ್ತಾನೆ, ಈ ಬಾವು ನೋಡಪ್ಪ, ಬಂದಮೇಲೆ ಹೊರಡುವ ಮಾತೇ ಇಲ್ಲ ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಅದು ಮೊದಲ ಬಾವು, ಶಸ್ತ್ರಚಿಕಿತ್ಸೆಯದು, ಎಲ್ಲರಿಗೂ ಬರುವಂಥದ್ದು. ದಿನಕ್ಕೊಂದಿಷ್ಟು ಇಳಿದು ನಾಲ್ಕನೇ ವಾರಕ್ಕೆ ಹದಿನೈದು ಇಂಚಿಗೆ ಬಂದು, ಇನ್ನೇನು ಒಳ್ಳೆ ಕಾಲಿನ ಹದಿನಾಲ್ಕೂವರೆ ಮುಟ್ಟುತ್ತದೆ ಅನ್ನುವಷ್ಟರಲ್ಲಿ ಎರಡನೆಯದು ಬಂತು. ಎರಡನೆಯದನ್ನು ನೋಡಿ ಯಾರೂ ನಗಲಿಲ್ಲ. ಇಪ್ಪತ್ತು ನಿಮಿಷ ಆಯ್ತು ಎಂದು ಅವಳು ಹೊಲಿಗೆ ಯಂತ್ರದ ಬಳಿಯಿಂದಲೇ ಹೇಳಿದಳು. ಮುಂಚೆಯಾಗಿದ್ದರೆ ಬಂದು ಗಂಟು ತೆಗೆದು, ಒದ್ದೆ ಮಂಡಿಯನ್ನು ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳು.

ಕೆಲಸದ ಕಡೆ ಅವನನ್ನು ಟಕಟಕ ಮೇಸ್ತ್ರಿ ಎನ್ನುತ್ತಾರೆ. ಹಾಕಿ ಮುಗಿಸಿದ ನೆಲದ ಪ್ರತಿ ಟೈಲನ್ನೂ, ನಾಲ್ಕು ಮೂಲೆಗೂ ನಡುವಿಗೂ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕೇಳದೆ ಅವನು ಎದ್ದವನಲ್ಲ. ಕಣ್ಣು ಮೋಸ ಹೋಗುತ್ತದೆ, ಒಂದೊಂದು ಸಲ ನೆಲದ ಸಮ ನೋಡುವ ರಸಮಟ್ಟದ ಗುಳ್ಳೆಯೂ ಮೋಸ ಮಾಡುತ್ತದೆ, ಶಬ್ದ ಮೋಸ ಮಾಡುವುದಿಲ್ಲ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಶಬ್ದ, ಗಾಳಿ ಉಳಿದಿದ್ದರೆ ಟೊಳ್ಳು. ನಾಲ್ಕು ತಿಂಗಳ ಹಿಂದೆ ಅಂಚೆ ಕಚೇರಿಯ ಗುಮಾಸ್ತೆಯೊಬ್ಬರ ಮನೆಯಲ್ಲಿ, ನಾಲ್ಕನೇ ಮಹಡಿಯಲ್ಲಿ, ಕೊನೆಯ ದಿನ ಸಂಜೆ, ಹೊರಬಾಗಿಲ ಹೊಸ್ತಿಲ ಪಕ್ಕದ ಒಂದೇ ಒಂದು ಟೈಲು ಟೊಳ್ಳು ಎಂದಿತ್ತು. ಸಂದಿಗೆಲ್ಲ ಬಿಳಿ ಸಿಮೆಂಟು ತುಂಬಿ ಒರೆಸಿ ಆಗಿತ್ತು. ತೆಗೆದರೆ ಇನ್ನೊಂದು ದಿನದ ಕೆಲಸ. ಅವನು ಇನ್ನೊಮ್ಮೆ ಬಡಿದ, ಮತ್ತೆ ಟೊಳ್ಳು. ಗುಮಾಸ್ತೆ ಒಳಗಿಂದ, ಎಲ್ಲಾ ಸರಿ ಇದ್ಯಾ ಮೇಸ್ತ್ರಿ ಅಂದಾಗ, ಸರಿ ಇದೆ ಅಮ್ಮ ಎಂದ. ಲಿಫ್ಟಿನಲ್ಲಿ ಟೈಲ್ಸ್ ಸಾಗಿಸುವ ಹಾಗಿರಲಿಲ್ಲ, ಉಳಿದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದ. ಎರಡನೇ ಮಹಡಿಯ ತಿರುವಿನಲ್ಲಿ ಪಾದ ಅಲ್ಲೇ ನಿಂತು ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಏನೋ ಪಟ್ ಎಂದಿತು. ಅದೂ ಶಬ್ದವೇ. ನಾಲ್ಕು ತಿಂಗಳು ಮಲಗಿ ಎದ್ದಾಗೆಲ್ಲ ಆ ಎರಡು ಶಬ್ದ ಅವನ ತಲೆಯಲ್ಲಿ ಒಂದರ ಹಿಂದೆ ಒಂದು ಕೇಳುತ್ತಿದ್ದವು. ದೇವರಿಗೆ ಬೇರೆ ಕೆಲಸ ಇಲ್ಲವೇ, ಒಂದು ಟೈಲಿಗೆ ಒಂದು ಕಾಲು ಮುರಿಯುತ್ತಾನೆಯೇ ಎಂದು ತನಗೆ ತಾನೇ ಬೈದುಕೊಂಡರೂ ಕೇಳಿಸುವುದು ನಿಲ್ಲಲಿಲ್ಲ.

ಫಿಸಿಯೋ ಹತ್ತಿರ ಹೊರಟ ಬಸ್ಸಿನಲ್ಲಿ ಬಿಳಿಗೂದಲಿನ ಒಬ್ಬಾಕೆ ಎದ್ದು ಅವನಿಗೆ ಜಾಗ ಬಿಟ್ಟರು. ಬೇಡ ಎನ್ನಬೇಕೆಂದುಕೊಂಡ, ಆದರೆ ಊರುಗೋಲು ಮುಂದಾಗಿ ಹೋಗಿ ಕೂತಿತು. ನಲವತ್ತೈದು ವರ್ಷದ ಗಂಡಸು ಕಾಲನ್ನು ಓಡಾಡುವ ದಾರಿಗೆ ಚಾಚಿಕೊಂಡು, ದಾಟುವವರಿಗೆಲ್ಲ ಕಾಲು ಜೋಪಾನ, ಕಾಲು ಜೋಪಾನ ಎಂದು ಬೇಡಿಕೊಳ್ಳುತ್ತ ಕೂರುವುದು. ಹೆಂಡತಿ ಅವನ ಮಂಡಿಗೆ ಅಡ್ಡವಾಗಿ ಗೋಡೆಯ ಹಾಗೆ ನಿಂತಿದ್ದಳು, ಯಾರ ಚೀಲವೂ ತಗಲದ ಹಾಗೆ. ಮುಟ್ಟದೆ ಕಾಯುವುದನ್ನು ಇವಳು ಯಾವಾಗ ಕಲಿತಳೋ ಎಂದು ಅವನಿಗೆ ಅನ್ನಿಸಿತು. ಹತ್ತು ದಿನದ ಹಿಂದೆ ಇದೇ ಬಸ್ಸಿನಲ್ಲಿ ಅವನೊಬ್ಬನೇ ಗುಮಾಸ್ತೆಯ ಮನೆಗೆ ಹೋಗಿದ್ದ. ಅವಳು ಹೊಲಿದ ಬಟ್ಟೆ ಕೊಟ್ಟುಬರಲು ಹೋದವಳು ಮಧ್ಯಾಹ್ನದವರೆಗೆ ಬರುವುದಿಲ್ಲ ಎಂದು ಗೊತ್ತಿತ್ತು. ಕರಣೆ, ಉಳಿ, ರಬ್ಬರ್ ಸುತ್ತಿಗೆ, ಒಂದು ಹಿಡಿ ಸಿಮೆಂಟು ಒಂದು ಕೈಚೀಲದಲ್ಲಿ. ಕಾಲಿಗೆ ಪಟ್ಟಿ. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಮೂರು ತಿಂಗಳು ಅದರ ಯೋಚನೆಯನ್ನೂ ಮಾಡಬೇಡಿ ಎಂದು ಸರ್ಜನ್ ಹೇಳಿದ್ದರು. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು, ಹರಿದ ಲಿಗಮೆಂಟಿನ ಜಾಗಕ್ಕೆ ಕಟ್ಟಿದ್ದಾರೆ. ಕಟ್ಟಿದ್ದು ಬೇರೂರುವ ಮುಂಚೆ ಎಳೆದರೆ ಸಡಿಲವಾಗುತ್ತದೆ. ಸೆರಗಿನ ಮಡಿಕೆಯಿಂದ ತುಂಡು ತೆಗೆದು ಅದೇ ಸೀರೆಗೆ ತೇಪೆ ಹಾಕಿದ ಹಾಗೆ, ಅಲ್ವಾ ಡಾಕ್ಟ್ರೇ ಎಂದು ಹೆಂಡತಿ ಕೇಳಿದ್ದಳು. ಸರ್ಜನ್ ಹೌದು ಎಂದಿದ್ದರು. ಅವನಿಗೆ ಇನ್ನೂ ಚೆನ್ನಾಗಿ ಅರ್ಥವಾಗಿತ್ತು: ಹೊಸ ಟೈಲು ಹಿಡಿಯುವವರೆಗೆ ಮೇಲೆ ಕಾಲಿಡಬಾರದು. ಎಷ್ಟು ಮನೆಯವರಿಗೆ ಈ ಮಾತನ್ನು ಕೈ ಮುಗಿದು ಹೇಳಿದ್ದಾನೆ. ಆದರೂ ಹೋದ.

ಗುಮಾಸ್ತೆ ಬಾಗಿಲು ತೆಗೆದು, ಅಯ್ಯೋ ಮೇಸ್ತ್ರಿ, ಕಾಲಿಗೆ ಏನಾಯ್ತು ಎಂದರು. ರಜೆಯ ದಿನ, ಅಕ್ಕನ ತಲೆ ಬಾಚುತ್ತಿದ್ದವರು ಬಾಚಣಿಗೆ ಹಿಡಿದೇ ಬಂದಿದ್ದರು. ಅಕ್ಕ ಎಂದರೆ ಎಪ್ಪತ್ತು ದಾಟಿದವರು, ಮರೆವಿನ ಕಾಯಿಲೆ. ಕೆಲಸ ನಡೆಯುವಾಗ ದಿನಕ್ಕೆ ನಾಲ್ಕು ಸಲ ಬಂದು ಅವನನ್ನು, ನೀನು ಯಾರಪ್ಪ, ಯಾಕಪ್ಪ ನಮ್ಮ ನೆಲ ಅಗೀತಿದ್ದೀಯ ಎಂದು ಕೇಳುತ್ತಿದ್ದರು. ಏನೂ ಇಲ್ಲ ಅಮ್ಮ, ಒಂದು ಟೈಲು ನೋಡಿ ಹೋಗ್ತೀನಿ ಎಂದು ಅವನು ಹೊಸ್ತಿಲ ಬಳಿ ಗೋಡೆ ಹಿಡಿದು ಕೆಳಗಿಳಿದ. ನಿಂತೇ ಊರುಗೋಲಿನಿಂದ ಬಡಿಯಬಹುದಿತ್ತು. ಸ್ಟೂಲು ಕೇಳಬಹುದಿತ್ತು. ಅದೆಲ್ಲ ಆಮೇಲೆ ಹೊಳೆದದ್ದು. ಆಗ ಅವನ ಮೈಗೆ ನೆಲವೆಂದರೆ ಒಂದೇ ಭಂಗಿ ಗೊತ್ತಿತ್ತು, ಇಪ್ಪತ್ತೆರಡು ವರ್ಷದ ಕುರ್ಚಿ ಅದು; ತನಗೆ ತಾನೇ ಕುಕ್ಕರಗಾಲಲ್ಲಿ ಕೂತುಬಿಟ್ಟಿತು. ಮಂಡಿಯೊಳಗೆ ಬಿಸಿ ಎಣ್ಣೆ ಸುರಿದಂತಾಯಿತು. ಅವನು ಗೆಣ್ಣಿನಿಂದ ಬಡಿದ. ಟೊಳ್ಳು. ಅಮ್ಮ, ಇದು ಅವತ್ತೇ ಹೀಗಿತ್ತು, ನಾನು ಹೇಳ್ಲಿಲ್ಲ, ಈಗ ಕಿತ್ತು ಸರಿ ಮಾಡ್ತೀನಿ ಎಂದು ಉಳಿ ತೆಗೆದ. ಗುಮಾಸ್ತೆ ಬಾಚಣಿಗೆ ಸಮೇತ ಓಡಿ ಬಂದು ಅವನ ಕೈ ಹಿಡಿದರು.

"ಕೀಳ್ಬೇಡಿ ಮೇಸ್ತ್ರಿ. ಅದರ ಮೇಲೆ ಕಾಲಿಟ್ರೆ ಟಪ್ ಅಂತ ಶಬ್ದ ಬರುತ್ತೆ. ಅಡುಗೆಮನೇಲಿದ್ರೂ ನನಗೆ ಗೊತ್ತಾಗುತ್ತೆ, ಅಕ್ಕ ಬಾಗಿಲಿಗೆ ಹೊರಟ್ಳು ಅಂತ. ಎರಡು ಸಲ ರಸ್ತೆಗೆ ಹೋಗೋಕೆ ಮುಂಚೆ ಹಿಡ್ಕೊಂಡೆ. ನೀವು ಬೇಕಂತಲೇ ಮಾಡಿಕೊಟ್ರೇನೋ ಅಂದ್ಕೊಂಡಿದ್ದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳು ಎದೆಯ ಮೇಲೆ ಹೊತ್ತು ಮಲಗಿದ ಟೈಲಿಗೆ ಆ ಮನೆಯಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಉಳಿಯನ್ನು ಚೀಲಕ್ಕೆ ಹಾಕಿ ಎದ್ದೇಳಲು ಹೋದ, ಆಗಲಿಲ್ಲ. ಗೋಡೆ ಹಿಡಿದ, ಆಗಲಿಲ್ಲ. ಕೊನೆಗೆ ಅಕ್ಕ-ತಂಗಿ ಇಬ್ಬರೂ ಒಂದೊಂದು ತೋಳಿಗೆ ಕೈ ಕೊಟ್ಟು ಅವನನ್ನು ಎತ್ತಿದರು. ಎತ್ತುವಾಗ ಅಕ್ಕ, ಪಾಪ ಎಷ್ಟು ವಯಸ್ಸಾಯ್ತಪ್ಪ ನಿನಗೆ ಎಂದು ಕೇಳಿದರು. ಮನೆಗೆ ಬಂದು ಮಲಗುವಷ್ಟರಲ್ಲಿ ಮಂಡಿ ಕುಂಬಳಕಾಯಿ. ಹಿಂದಿನ ಸಂಜೆ ಹೆಂಡತಿ ಯಾರೋ ಹೇಳಿದರೆಂದು ಎಣ್ಣೆ ಬೆಚ್ಚಗೆ ಮಾಡಿ, ಬಿಗಿದುಕೊಂಡಿದ್ದ ತೊಡೆಯಿಂದ ಮಂಡಿಯವರೆಗೆ ತಿಕ್ಕಿದ್ದಳು. ಡಾಕ್ಟ್ರಿಗೆ ಹೇಳಬೇಡಿ, ಬೈತಾರೆ ಎಂದೂ ಅಂದಿದ್ದಳು. ಮಧ್ಯಾಹ್ನ ಬಂದವಳು ಬಟ್ಟೆಚೀಲವನ್ನು ಕೆಳಗಿಡದೆ ಮಂಡಿ ನೋಡಿ ನಿಂತಳು. ನನ್ನಿಂದಲೇ ಆಯ್ತಲ್ಲ ಎಂದಳು. ನಾನು ತಿಕ್ಕಬಾರದಿತ್ತು, ಅಲ್ವಾ ಎಂದು ಕೇಳಿದಳು. ಅಲ್ಲ ಎನ್ನುವ ಪದ ಅವನ ನಾಲಗೆಯ ಮೇಲೆ ಇತ್ತು. ಆದರೆ ಅಲ್ಲ ಎಂದರೆ ಮತ್ತೆ ಯಾಕೆ ಎನ್ನುತ್ತಾಳೆ, ಹೋಗಿದ್ದೆ ಎನ್ನಬೇಕು, ನಾಲ್ಕು ತಿಂಗಳಿಂದ ಕೆಲಸವಿಲ್ಲದ ಮನೆಯನ್ನು ಒಂದು ಸೂಜಿಯಿಂದ ನಡೆಸುತ್ತಿರುವವಳ ಮುಂದೆ, ನಿನ್ನ ಶ್ರಮವನ್ನೆಲ್ಲ ಒಂದು ಟೈಲಿಗೆ ಸುರಿದು ಬಂದೆ ಎನ್ನಬೇಕು. ಅವನು ಹೂಂ ಎಂದ. ಸುಳ್ಳು ಎಂದರೆ ಅಷ್ಟೇ ಉದ್ದ ಇತ್ತು. ಆಮೇಲೆ ಅವಳ ಭಯ ಕಡಿಮೆಯಾಗಲಿ ಎಂದು ಟೇಪು ಎಳೆಯಲು ಶುರುಮಾಡಿದ. ಅವಳು ದಿನಾ ಆ ಅಂಕಿಗಳನ್ನು ಫೋನಿನಲ್ಲಿ ಫಿಸಿಯೋಗೆ ಓದಿ ಹೇಳುತ್ತಿದ್ದಳು, ಇಳೀತಿದೆ ಡಾಕ್ಟ್ರೇ ಎಂದು. ಹಾಗಿದ್ರೆ ಐಸು ಇಡ್ತಾ ಇರಿ, ಗೊತ್ತು ಮಾಡಿರೋ ದಿನಾನೇ ಬನ್ನಿ ಎನ್ನುತ್ತಿದ್ದಳು ಫಿಸಿಯೋ.

ಫಿಸಿಯೋ ಅವನ ಅರ್ಧ ವಯಸ್ಸಿನ ಹೆಣ್ಣುಮಗಳು, ಕೂದಲನ್ನು ಪೆನ್ನಿನಿಂದ ಸಿಕ್ಕಿಸಿಕೊಂಡಿರುತ್ತಿದ್ದಳು. ಬರೆಯಬೇಕಾದಾಗ ಪೆನ್ನು ಎಳೆದರೆ ಕೂದಲು ಬಿಚ್ಚಿಕೊಳ್ಳುತ್ತಿತ್ತು. ಪ್ಯಾಂಟನ್ನು ತೊಡೆಯವರೆಗೆ ಮಡಚಿ ಎತ್ತರದ ಹಾಸಿಗೆಯ ಮೇಲೆ ಮಲಗಿದಾಗ ಪಕ್ಕದ ಪರದೆಯಾಚೆ ಯಾರೋ ಎಣಿಸುತ್ತ ಕಾಲೆತ್ತುತ್ತಿದ್ದರು, ಒಂಬತ್ತು, ಹತ್ತು, ಅಯ್ಯಪ್ಪಾ. ಮಂಡಿ ನೋಡಿದ ಕೂಡಲೆ ಅವಳ ಮುಖ ಬದಲಾಯಿತು. ಫೋನಲ್ಲಿ ಕಮ್ಮಿ ಆಗ್ತಿದೆ ಅಂದ್ರಲ್ಲ ಎಂದಳು. ಏನಾದ್ರೂ ಮಾಡಿದ್ರಾ, ಬಿದ್ರಾ, ಜಾಸ್ತಿ ನಡೆದ್ರಾ? ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದು, ಸ್ಕೂಲಿನಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗಿಯಂತೆ ಎರಡು ಕೈಯನ್ನೂ ಜೋಡಿಸಿಕೊಂಡು, ನಾನು ಬಿಸಿ ಎಣ್ಣೆ ಹಾಕಿ ತಿಕ್ಕಿದೆ ಡಾಕ್ಟ್ರೇ, ಬೈಬೇಡಿ, ಅದರ ಮಾರನೇ ದಿನದಿಂದಲೇ ಹೀಗೆ ಎಂದಳು. ಫಿಸಿಯೋ ಬೈಯಲಿಲ್ಲ. ಈ ಸಮಯದಲ್ಲಿ ಬಿಸಿ ಬೇಡ, ತಿಕ್ಕೋದಂತೂ ಬೇಡವೇ ಬೇಡ ಎಂದು ಮೆಲ್ಲಗೆ ಹೇಳಿ, ಪೆನ್ನು ಎಳೆದು, ಅವನ ಕಡತದಲ್ಲಿ ಏನೋ ಬರೆದಳು. ಹೂಂ ಎಂಬ ಅವನ ಒಂದಕ್ಷರ ಈಗ ಆಸ್ಪತ್ರೆಯ ಕಾಗದದ ಮೇಲೆ ಶಾಯಿಯಲ್ಲಿ ಕೂತಿತು.

ಆಮೇಲೆ ತನ್ನ ಟೇಪಿನಿಂದ, ಎಳೆಯದೆ, ಅಳೆದಳು. ನಲವತ್ತೊಂದು ಸೆಂಟಿಮೀಟರು, ಮೇಲೆ ಚಿಲ್ಲರೆ. ಹೆಂಡತಿಯ ತುಟಿ ಒಂದು ಕ್ಷಣ ಅಲುಗಾಡಿತು, ಇಂಚಿಗೆ ಇಳಿಸುತ್ತಿದ್ದಳು.

"ಹದಿನಾರೂ ಕಾಲು ಆಗುತ್ತಲ್ಲ ಡಾಕ್ಟ್ರೇ. ಬೆಳಿಗ್ಗೆ ಹದಿನೈದೂ ಕಾಲು ಇತ್ತು."

ಫಿಸಿಯೋ ಪೆನ್ನು ನಿಲ್ಲಿಸಿದಳು. ಬೆಳಿಗ್ಗೆಯಿಂದ ಈಗಕ್ಕೆ ಒಂದಿಂಚು ಏರುವುದು ಸಾಮಾನ್ಯವಲ್ಲ. ಹಾಗೆ ಏರಿದ್ದರೆ ಒಳಗೆ ಸೋಂಕು ಇರಬಹುದು, ಇವತ್ತೇ ಸರ್ಜನ್ ಹತ್ತಿರ ಕಳಿಸಬೇಕು, ಸೂಜಿ ಹಾಕಿ ನೀರು ತೆಗೆದು ನೋಡುತ್ತಾರೆ, ಬೇಕಾದರೆ ಒಳಗೆ ತೊಳೆಯಬೇಕಾಗುತ್ತದೆ ಎಂದಳು. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಹೆಂಡತಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಅಲ್ಲಿ ಏನೋ ಅಂಟಿದೆ ಅನ್ನುವ ಹಾಗೆ, ಆಮೇಲೆ ಅವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಫಿಸಿಯೋ ಒಂದು ಕೈಯಿಂದ ಚಿಪ್ಪಿನ ಮೇಲಿನ ಊತವನ್ನು ಕೆಳಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಚಿಪ್ಪನ್ನು ಮೆಲ್ಲಗೆ ಬಡಿದಳು. ಚಿಪ್ಪು ಒಳಕ್ಕೆ ಹೋಗಿ, ಎಲ್ಲಿಗೋ ತಗಲಿ, ಮತ್ತೆ ಮೇಲೆ ತೇಲಿತು. ಅವನಿಗೆ ಕಿವಿಯಲ್ಲಿ ಕೇಳಿಸಲಿಲ್ಲ, ಎಲುಬಿನಲ್ಲಿ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಸಲ ಕೇಳಿದ ಅದೇ ಟೊಳ್ಳು ಶಬ್ದ. ಇನ್ನೊಂದು ಸಲ ಸರಿ ಇದೆ ಎಂದು ಹೆಗಲಿಗೆ ಪೆಟ್ಟಿಗೆ ಏರಿಸಿ ಹೊರಡಲು ಅವನಿಂದ ಆಗಲಿಲ್ಲ.

"ಎಣ್ಣೆಯಿಂದ ಅಲ್ಲ ಮೇಡಂ," ಎಂದ. "ನಾನು ಕೆಲಸದ ಜಾಗಕ್ಕೆ ಹೋಗಿದ್ದೆ. ಕುಕ್ಕರಗಾಲಲ್ಲಿ ಕೂತಿದ್ದೆ. ಬೆಳಿಗ್ಗೆನೂ ಹದಿನಾರೂ ಕಾಲೇ ಇತ್ತು. ನಾನು ಟೇಪು ಎಳೆದು ಹಿಡೀತಿದ್ದೆ."

ಫಿಸಿಯೋ ಅವನ ಮಂಡಿಯನ್ನು ಸ್ವಲ್ಪ ಬಾಗಿಸಿ, ಒಂದು ಕೈಯಿಂದ ತೊಡೆ, ಇನ್ನೊಂದರಿಂದ ಮಂಡಿಯ ಕೆಳಗಿನ ಕಾಲು ಹಿಡಿದು, ಮುಂದಕ್ಕೆ ಎಳೆದು ನೋಡಿದಳು. ಒಂದು ಸಲ, ಎರಡು ಸಲ. ಕಟ್ಟಿದ್ದು ಸಡಿಲವಾಗಿದ್ದರೆ ಇನ್ನು ಅವನು ನೆಲದ ಕೆಲಸಕ್ಕೆ ಇಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮೂರನೇ ಸಲ ಎಳೆದು ಹಾಗೇ ಹಿಡಿದಳು. ಹಿಡ್ಕೊಂಡಿದೆ ಎಂದಳು, ನಿಮ್ಮ ಪುಣ್ಯ. ಆಮೇಲೆ ಬೈದಳು. ಚಿಕ್ಕವಳಾದರೂ ಚೆನ್ನಾಗಿ ಬೈದಳು, ಅವನು ಮೇಸ್ತ್ರಿಯಾಗಿ ಯಾರಿಗೂ ಅಷ್ಟು ಚೆನ್ನಾಗಿ ಬೈದಿರಲಿಲ್ಲ. ಕಡತದಲ್ಲಿ ಬರೆದದ್ದರ ಮೇಲೆ ಗೆರೆ ಎಳೆದು ಬೇರೆ ಬರೆದಳು. ಜ್ವರವಿಲ್ಲ, ಕೆಂಪಿಲ್ಲ, ಮೂರು ದಿನ ನೋಡೋಣ, ದಿನಕ್ಕೆ ಐದು ಸಲ ಐಸು, ಪಟ್ಟಿ ಬಿಚ್ಚುವ ಹಾಗಿಲ್ಲ, ಬಾಗಿಸುವ ವ್ಯಾಯಾಮ ಬಿಟ್ಟು ತೊಡೆ ಬಿಗಿ ಹಿಡಿಯುವುದು ಮಾತ್ರ, ಇಳಿಯದಿದ್ದರೆ ಸರ್ಜನ್, ಮತ್ತು ಅಳತೆ ಸುಳ್ಳಾದರೆ ತಾನು ಇನ್ನು ನೋಡುವುದಿಲ್ಲ. ಹೆಂಡತಿ ಎಲ್ಲದಕ್ಕೂ ತಲೆಯಾಡಿಸಿದಳು. ಅವನ ಪ್ಯಾಂಟಿನ ಮಡಿಕೆಯನ್ನು ಅವನೇ ಇಳಿಸಿಕೊಂಡ.

ಬರುವಾಗ ಬಸ್ಸಿನಲ್ಲಿ ಅವಳು ಕೂತಿದ್ದು ಬೇರೆ ಸೀಟಿನಲ್ಲಿ. ಅವನ ಮಂಡಿ ದಾರಿಗೆ ಚಾಚಿಕೊಂಡಿತ್ತು, ಯಾವಳೋ ಒಬ್ಬಳ ತರಕಾರಿ ಚೀಲ ತಗಲಿತು, ಅವನು ಹಲ್ಲು ಕಚ್ಚಿದ. ತಗಲಲಿ ಎಂದುಕೊಂಡ. ಇಳಿದು ಬೀದಿಯಲ್ಲಿ ನಡೆಯುವಾಗ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು, ಅವನು ಹತ್ತಿರ ಬರುತ್ತಿದ್ದಂತೆ ಮತ್ತೆ ನಾಲ್ಕು ಹೆಜ್ಜೆ ಹೋಗುವುದು. ಅವನು ಅಷ್ಟರಲ್ಲೇ ಟೈಲಿನ ಕಥೆ, ಗುಮಾಸ್ತೆಯ ಅಕ್ಕನ ಕಥೆ ಎಲ್ಲ ಬೆನ್ನಿಗೇ ಹೇಳಿ ಮುಗಿಸಿದ. ನಗುತ್ತಾಳೇನೋ ಎಂದು ಅಕ್ಕ ವಯಸ್ಸು ಕೇಳಿದ್ದನ್ನೂ ಹೇಳಿದ. ಅವಳು ನಗಲಿಲ್ಲ. ಮನೆಯ ಬಾಗಿಲ ಬೀಗ ತೆಗೆಯುತ್ತ, ಅವನ ಕಡೆ ತಿರುಗದೆ ಹೇಳಿದಳು:

"ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ಆದ್ರೆ ಹತ್ತು ದಿನ ನಾನು ಬಟ್ಟೆ ಕತ್ತರಿಸೋವಾಗ್ಲೂ ಹೆದರ್ತಿದ್ದೆ. ಇನ್ನೊಬ್ಬರ ಬಟ್ಟೇನೂ ಈ ಕೈಯಿಂದ ಕೆಡುತ್ತೆ ಅಂತ. ನೀವು ಎದುರಿಗೇ ಮಲಗಿದ್ರಿ, ನೋಡ್ತಾ ಇದ್ರಿ."

ತಪ್ಪಾಯ್ತು ಎಂದ. ಆ ಮಾತು ಅವನ ಕಿವಿಗೇ ತೆಳ್ಳಗೆ ಕೇಳಿಸಿತು. ಅವಳು ಒಳಗೆ ಹೋದಳು. ಅವನು ತಾನೇ ಐಸು ತೆಗೆದು, ಟವೆಲಿನಲ್ಲಿ ಸುತ್ತಿ, ಮೂರು ದಿಂಬು ಜೋಡಿಸಿ ಮಲಗಿದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು, ಯಂತ್ರ ಓಡಲಿಲ್ಲ. ಅವಳ ತಲೆಯ ಪಕ್ಕದಲ್ಲಿ ಗೋಡೆಯ ಮೇಲೆ ಅವನ ಹತ್ತು ಸುಳ್ಳುಗಳು ಒಂದರ ಕೆಳಗೊಂದು, ಅವಳ ದುಂಡಗಿನ ಅಕ್ಷರದಲ್ಲಿ, ಚೂರು ಚೂರೇ ಇಳಿಯುತ್ತ ಬಂದಿದ್ದವು. ಅವನು ಅವನ್ನು ನೋಡಲಾರದೆ ಸೂರು ನೋಡಿದ. ಗಂಡಹೆಂಡಿರ ನಡುವೆ ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂದು ಅವನಿಗೆ ಅವತ್ತು ತಿಳಿಯಿತು. ಕೊನೆಗೆ ಕುರ್ಚಿ ಸರಿದ ಸದ್ದಾಯಿತು. ಅವಳು ಕೊರಳಲ್ಲಿ ಟೇಪು ಹಾಕಿಕೊಂಡು, ಗಿರಾಕಿಗಳ ಮುಂದೆ ನಿಲ್ಲುವ ಹಾಗೆ, ಮಂಚದ ಪಕ್ಕ ಬಂದು ನಿಂತಿದ್ದಳು. ಐಸಿನ ಗಂಟು ತೆಗೆದಳು. ಒದ್ದೆ ಮಂಡಿಯನ್ನು ಒಂದು ಗಳಿಗೆ ನೇರವಾಗಿ ನೋಡಿದಳು. ಸೆರಗಿನಿಂದ ಒರೆಸಲಿಲ್ಲ, ಟವೆಲಿನಿಂದಲೇ ಒರೆಸಿದಳು. ಟೇಪನ್ನು ಸುತ್ತಿ ತಂದು, ಸೇರುವ ಕಡೆ, ಉಟ್ಟವರಿಗೆ ಉಸಿರಾಡಲು ಬೇಕು ಎಂದು ಎಲ್ಲರ ಅಳತೆಗೂ ಬಿಡುವ ಹಾಗೆ, ಟೇಪಿನ ಒಳಗೆ ತನ್ನ ಒಂದು ಬೆರಳು ತೂರಿಸಿದಳು. ಐಸಿನಿಂದ ಮರಗಟ್ಟಿದ್ದ ಚರ್ಮಕ್ಕೆ ಆ ಬೆರಳು ಬೆಚ್ಚಗೆ ತಗಲಿತು. ಇದೇ ಕೈಯನ್ನು ತಾನು ಹತ್ತು ದಿನ ದೂರವಿಟ್ಟೆನಲ್ಲ ಎಂದು ಅವನಿಗೆ ಅಳು ಬಂತು, ಅಳು ಬಂದದ್ದನ್ನು ಅವನು ಮುಚ್ಚಿಡಲಿಲ್ಲ. ಅವಳು ಬೆರಳು ಹೊರಗೆಳೆದು, ಟೇಪನ್ನು ಚರ್ಮಕ್ಕೆ ಸುಮ್ಮನೆ ತಾಗುವಷ್ಟೇ ತಂದು, ಅಂಕಿ ಓದಿದಳು.

"ಹದಿನಾರೂ ಕಾಲು."

ಬೆಳಗಿನಿಂದ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅವಳು ಗೋಡೆಯ ಹತ್ತಿರ ಹೋಗಿ, ಮೇಲಿನದನ್ನು ಯಾವುದನ್ನೂ ಅಳಿಸದೆ, ಕೆಳಗೆ ಬರೆದಳು. ಟೇಪನ್ನು ಮಂಚದ ಅಂಚಿಗೆ ಇಡಲಿಲ್ಲ, ಸುತ್ತಿ ತನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದಳು.

"ಇನ್ಮೇಲೆ ನಾನೇ ಅಳೀತೀನಿ," ಎಂದಳು. "ನಿಮ್ಮ ಕೈಗುಣ ಸರಿ ಇಲ್ಲ."